ನಿನ್ನ ಡೋಲು, ದೀಕ್ಷಾಳ ಕಿರೀಟ

ಪ್ರೀತಿಯ ಅಪ್ಪಾ,

ತೀರಿಹೋದವರಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನೀನು ನಗಬಹುದು. ನಗು. ಮೊನ್ನೆ ನಿನ್ನ ಮೊಮ್ಮಗಳು ದೀಕ್ಷಾಳ ಶಾಲೆಯ ವಾರ್ಷಿಕೋತ್ಸವ ಮುಗಿಯಿತು. ಆ ಸುದ್ದಿ ನಿನಗೆ ಹೇಳದೆ ನನಗೆ ಊಟ ಸೇರುತ್ತಿಲ್ಲ.

ನಮ್ಮ ಕೊರಗರ ಜಾತಿಯ ಮಕ್ಕಳಿಗೆಂದೇ ಇದ್ದ ಶಾಲೆಗೆ ನನ್ನನ್ನು ಸೇರಿಸಿದಾಗ ನೀನು ಹೇಳಿದ್ದೆ, “ಅಲ್ಲಿ ನಿನ್ನನ್ನು ನೋಡಿ ನಗುವವರು ಯಾರೂ ಇಲ್ಲ ಮಗಾ.” ನಿಜ, ಯಾರೂ ನಗಲಿಲ್ಲ. ಆದರೆ ಬಂಟ್ವಾಳದ ಕಾಲೇಜಿಗೆ ಹೋದ ಮೊದಲ ದಿನ, ಯಾರೂ ಹೇಳದೆಯೇ ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ಅದಕ್ಕೇ ದೀಕ್ಷಾಳನ್ನು ಪುತ್ತಿಗೆಯಲ್ಲಿ ಊರಿನ ಮಕ್ಕಳೆಲ್ಲ ಹೋಗುವ ಶಾಲೆಗೆ ಸೇರಿಸಿದ್ದು. ಅವಳು ಕೂರುವುದು ಮುಂದಿನ ಬೆಂಚಿನಲ್ಲಿ. ಬಾಯಿಯೂ ಜೋರು, ಥೇಟ್ ನಿನ್ನದೇ.

ಈ ವರ್ಷ ಮಕ್ಕಳ ಯಕ್ಷಗಾನ. ದೀಕ್ಷಾಳಿಗೆ ಅರ್ಜುನನಾಗುವ ಆಸೆ. ಮಾತೆಲ್ಲ ಬಾಯಿಪಾಠ ಮಾಡಿಕೊಂಡು ಬಚ್ಚಲಲ್ಲೂ ಕುಣಿಯುತ್ತಿದ್ದಳು. ಆದರೆ ಕೃಷ್ಣಕುಮಾರ ಮಾಸ್ಟ್ರು ಅವಳಿಗೆ ಕೊಟ್ಟದ್ದು ವೇಷಗಳನ್ನು ರಂಗಕ್ಕೆ ಕರೆತರುವ ಡೋಲು. ನನ್ನನ್ನು ಕರೆದು ಪ್ರೀತಿಯಿಂದಲೇ ಹೇಳಿದರು, “ಡೋಲು ನಿಮ್ಮ ಕಲೆ ಅಲ್ವಾ? ಅವಳನ್ನೇ ಎದುರು ನಿಲ್ಲಿಸುವ. ನಿಮಗೂ ಹೆಮ್ಮೆ.”

ಪಾಪ, ಒಳ್ಳೆಯ ಮನುಷ್ಯ. ಬೈದವರಿಗಾದರೆ ತಿರುಗಿ ಹೇಳಬಹುದು. ಗೌರವ ಕೊಡಲು ಬಂದವರಿಗೆ ಏನು ಹೇಳುವುದು? ಊರಿನ ಜಮೀನ್ದಾರರ ಗುತ್ತಿನ ಮನೆಯ ಗೇಟಿನ ಹೊರಗೆ ನಿಂತು ನೀನು ಡೋಲು ಬಾರಿಸುತ್ತಿದ್ದದ್ದು, ನೀರು ಕೇಳಿದರೆ ಅವರು ತೆಂಗಿನ ಗೆರಟೆಯಲ್ಲಿ ಅಲ್ಲಿಗೇ ತಂದು ಸುರಿಯುತ್ತಿದ್ದದ್ದು ಕಣ್ಣೆದುರು ಬಂತು.

ಉತ್ತರ ಕೊಟ್ಟವಳು ನನ್ನ ಪಕ್ಕದಲ್ಲೇ ನಿಂತಿದ್ದ ದೀಕ್ಷಾ. “ನನಗೆ ಡೋಲು ಬರುವುದಿಲ್ಲ ಸರ್. ಕಲಿಯದೆ ಹೇಗೆ ಬರ್ತದೆ? ನಮ್ಮ ಕ್ಲಾಸಿನ ಮನೀಷನಿಗೂ ಬರುವುದಿಲ್ಲ, ಅವನೂ ಕಲಿಯಬಹುದಲ್ಲ. ಅರ್ಜುನನ ಮಾತು ನನಗೆ ಬರ್ತದೆ, ಹೇಳಲಾ?” ಎಂದವಳೇ ಅಲ್ಲೇ ಶುರು ಮಾಡಿಬಿಟ್ಟಳು. ಮಾಸ್ಟ್ರು ಪೂರ್ತಿ ಕೇಳಿಸಿಕೊಂಡು, “ಯಾರಿಗೆ ಏನು ಇಷ್ಟ ಅಂತ ನಾನು ಮೊದಲೇ ಕೇಳಬೇಕಿತ್ತು” ಎಂದರು. ಮರುದಿನ ತರಗತಿಯಲ್ಲಿ ಕೇಳಿದಾಗ ಡೋಲಿಗೆ ಕೈ ಎತ್ತಿದವನು ಮನೀಷನೇ. ಅದೇ ಗುತ್ತಿನ ಮನೆಯ ಮೊಮ್ಮಗ!

ಕಲಿಯಲು ಅವನು ನಮ್ಮ ಮನೆಗೇ ಬಂದ. ನೀನು ತೂಗುಹಾಕಿದ್ದ ಡೋಲನ್ನು ಇಳಿಸಿ, ನನಗೆ ನೆನಪಿದ್ದಷ್ಟು ಹೇಳಿಕೊಟ್ಟೆ. ಒಳಗೆ ಕೂತು ಚಹಾ ಕುಡಿದ, ಇನ್ನೊಂದು ಲೋಟ ಕೇಳಿದ. ಮನೆಯಲ್ಲಿ ಹೇಳಿ ಬಂದಿದ್ದನೋ ಇಲ್ಲವೋ ಗೊತ್ತಿಲ್ಲ. ವಾರ್ಷಿಕೋತ್ಸವಕ್ಕೆ ಅವನ ಅಜ್ಜ ಮಾತ್ರ ಬರಲಿಲ್ಲ.

ಮುಂದೆ ಮನೀಷನ ಹೆಗಲಲ್ಲಿ ನಿನ್ನ ಡೋಲು, ಹಿಂದೆ ಅರ್ಜುನನ ಕಿರೀಟ ಇಟ್ಟುಕೊಂಡ ನಿನ್ನ ಮೊಮ್ಮಗಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನು ಅಳುತ್ತಿದ್ದೆ ಅಪ್ಪಾ. ನೀನು ಇರಬೇಕಿತ್ತು.

ಮನೆಗೆ ಬಂದು ಮುಖದ ಬಣ್ಣ ತೆಗೆಯುವಾಗ ಅವಳು ಹೇಳಿದಳು, “ಅಮ್ಮಾ, ಮನೀಷ ನಡುವೆ ತಾಳ ತಪ್ಪಿದ. ಮುಂದಿನ ವರ್ಷ ಡೋಲು ನಾನೇ ಬಾರಿಸ್ತೇನೆ. ಅಜ್ಜನ ಹಾಗೆ.”

ಈ ಸಲ ಡೋಲು ಬಾರಿಸು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಕಲಿಯುವಾಗ ಅವಳ ಕೈ ಮೇಲೆ ನಿನ್ನ ಕೈ ಇರಲಿ.

ನಿನ್ನ ಮಗಳು,
ಕಾಂತಿ