ದಿನಕ್ಕೆ ನಾನೂರು

ಕ್ಯಾತನಹಳ್ಳಿ
೧೧ ಜನವರಿ ೨೦೨೫

ಮಗಾ ಹೇಮಾ,

ಕ್ಯಾತನಹಳ್ಳಿಯಿಂದ ಕೆ.ಆರ್. ಪೇಟೆಗೆ ಕಾಗದ ಬರೀತಾ ಕೂತವ್ನೆ, ಇವನಿಗೇನು ಫೋನಿಲ್ವಾ ಅಂತ ನಗ್ತೀಯ. ನಗು. ಫೋನಿನಲ್ಲಿ ಎರಡು ಸಲ ಹೇಳೋಕೆ ಹೋದೆ, ಎರಡು ಸಲಾನೂ ಕಬ್ಬು ಕಡಿಯೋರು ಬರ್ಲಿಲ್ಲ ಅಂತ ಏನೋ ಮಾತಾಡಿ ಇಟ್ಬುಟ್ಟೆ. ಸೈನ್ಯದಲ್ಲಿದ್ದಾಗಿಂದ ನನಗೆ ಕಷ್ಟದ ಮಾತು ಕಾಗದದಲ್ಲೇ ಸಲೀಸು.

ನನ್ನ ಅರವತ್ತನೇ ವರ್ಷಕ್ಕೆ ನೀನು ಕೊಟ್ಟ ಗಾಜಿನ ಬೀರು ಟಿ.ವಿ. ಪಕ್ಕದಲ್ಲಿದೆ. ಒಳಗೆ ಆ ಐದು ಜನ ಹೆಬ್ಬೆರಳುದ್ದದ ಸಿಪಾಯಿಗಳು ನಿಂತವ್ರೆ. ಎಂಥಾ ಕೆಲಸ ಕಣವ್ವ! ನನ್ನ ಕನ್ನಡಕದ ಮೇಲೆ ನಿಮ್ಮವ್ವನ ಕನ್ನಡಕಾನೂ ಏರಿಸ್ಕೊಂಡು ನೋಡ್ದೆ. ಬೂಟಿನ ಲೇಸು ಕಾಣುತ್ತೆ, ಬೆಲ್ಟಿನ ಬಕಲ್ಲು ಕಾಣುತ್ತೆ, ಒಬ್ಬನ ಮೀಸೆ ತುದಿ ಒಂಚೂರು ಸೊಟ್ಟಗೂ ಇದೆ. ಸಿಕ್ಕಿದ್ದೆಲ್ಲ ತಂದು ತುಂಬಿಸ್ಬೇಡ, ಮೊದ್ಲು ಒಂದು ವಿಷಯ ಆರಿಸ್ಕೊ, ಆಮೇಲೆ ಗೊಂಬೆ ಸೇರಿಸು ಅಂತ ನೀನು ಹೇಳಿದ್ದೆ. ಇಪ್ಪತ್ತಾರನೇ ತಾರೀಕು ಬೀರುವನ್ನ ನೀನು ಪಾಠ ಹೇಳೋ ಸ್ಕೂಲಲ್ಲಿ ಇಡ್ತೀಯಂತೆ, ಮಕ್ಕಳ ಮುಂದೆ ನಾನು ಎರಡು ಮಾತಾಡ್ಬೇಕಂತೆ. ಬೀರು ಮುಂದಿನ ಚೀಟಿ ಖಾಲಿ ಬಿಟ್ಟಿದ್ದೀನಿ, ಏನು ಬರೀಬೇಕು ಅಂತ ನೀನೇ ಹೇಳಪ್ಪ ಅಂತ ಮೂರು ಸಲ ಕೇಳಿದ್ದೀಯ. ಮೂರು ಸಲಾನೂ ನಾನು ತೇಲಿಸ್ದೆ.

ನೀನು ಹೇಳ್ದಂಗೆ ಶ್ರೀರಂಗಪಟ್ಟಣಕ್ಕೆ ಹೋಗಿ, ನಿನಗೆ ಚರಿತ್ರೆ ಪಾಠ ಹೇಳ್ಕೊಟ್ಟ ಅನಂತರಾಮು ಮೇಷ್ಟ್ರ ಮನೇಲಿ ಅವರ ಗೊಂಬೆಗಳನ್ನ ನೋಡ್ಕೊಂಡು ಬಂದೆ. ಮುನ್ನೂರ ಹನ್ನೆರಡು! ಎಲ್ಲಾ ಒಂದೇ ದಿನದವು, ಟಿಪ್ಪುವಿನ ಕೋಟೆ ಬಿದ್ದ ದಿನದವು. ಕೆಲವರು ಒಂದು ಕಾಲ ಹಿಡೀತಾರೆ, ಕೆಲವರು ಒಂದೇ ಪಡೆ ಹಿಡೀತಾರೆ, ಯಾವುದನ್ನ ನೋಡಿದ್ರೆ ನಿಮ್ಮ ಮನಸ್ಸಲ್ಲಿ ಪ್ರಶ್ನೆ ಏಳುತ್ತೋ ಅದನ್ನ ಹಿಡೀರಿ ಅಂದ್ರು. ನನಗೆ ಅಲ್ಲೇ ಒಂದು ಪ್ರಶ್ನೆ ಎದ್ದುಬುಡ್ತು. ಇಷ್ಟು ಜನಕ್ಕೆ ಒಲೆ ಎಲ್ಲಿ ಸ್ವಾಮಿ ಅಂದೆ. ಮೇಷ್ಟ್ರು ನಕ್ರು. ಆಮೇಲೆ ಬಗ್ಗಿ ಸಾಲುಸಾಲಾಗಿ ಹುಡುಕೋಕೆ ಶುರು ಮಾಡಿದ್ರು. ಫಿರಂಗಿ ಇತ್ತು, ಕುದುರೆ ಇತ್ತು, ನಗಾರಿ ಹೊಡೆಯೋನಿದ್ದ. ಒಂದು ಸೌಟು ಸಿಗ್ಲಿಲ್ಲ.

ಬಸ್ಸಲ್ಲಿ ವಾಪಸ್ಸು ಬರ್ತಾ ಅದೇ ಯೋಚನೆ. ನಮ್ಮ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತಿದ್ರಲ್ಲ, ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಜಾಗ ಅಂತ, ಅವರಿಗೆ ಯಾರು ಬೇಯಿಸಿ ಹಾಕ್ತಿದ್ರು? ನಮ್ಮ ಮುದ್ದೆ ನುಂಗೋಕೆ ಬರ್ತಿತ್ತಾ ಅವಕ್ಕೆ? ಅಗಿದೂ ಅಗಿದೂ ದವಡೆ ನೋಯಿಸ್ಕೊಂಡಿರ್ಬೇಕು ಪಾಪ.

ಮೇಷ್ಟ್ರು ಕೊಟ್ಟ ವಿಳಾಸ ಹಿಡ್ಕೊಂಡು ಮಾರನೇ ದಿನ ನಾಗಮಂಗಲಕ್ಕೆ ಹೋದೆ. ಅಲ್ಲಿ ಚಲುವಾಚಾರಿ ಅಂತ, ದೇವರ ವಿಗ್ರಹ ಎರಕ ಹೊಯ್ಯೋನು. ಮೊದ್ಲು ಮೇಣದಲ್ಲಿ ತಿದ್ದಿ, ಆಮೇಲೆ ಹಿತ್ತಾಳೇಲಿ ಹೊಯ್ತಾನೆ. ಮೊದಲನೇ ಗೊಂಬೆ ನಿಮ್ಮದೇ ಮಾಡೋಣ ಯಜಮಾನ್ರೆ ಅಂದ. ನೋಡ್ತಾ ಇದ್ದಂಗೆ ಟೋಪಿ ಬಂತು, ಭುಜ ಬಂತು. ಕೈಗೆ ಏನು ಕೊಡ್ಲಿ ಅಂದ. ಕೋವಿ ಅನ್ನೋ ಮಾತು ನಾಲಿಗೆ ತುದಿಗೆ ಬಂದು ನಿಂತ್ಕೊಂತು. ಬೇಗ ಹೇಳಿ, ಮೇಣ ಗಟ್ಟಿಯಾಗುತ್ತೆ ಅಂದ.

ಲಟ್ಟಣಿಗೆ ಕೊಡಪ್ಪ ಅಂದ್ಬುಟ್ಟೆ.

ಹೂಂ ಮಗಾ. ನಿಮ್ಮಪ್ಪ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಅಡುಗೆ ಮಾಡ್ದ. ತರಬೇತೀಲಿ ಹೊಡೆದಿದ್ದು ಬಿಟ್ರೆ ಒಂದು ಗುಂಡೂ ಹಾರಿಸ್ಲಿಲ್ಲ. ನಿಮ್ಮವ್ವನಿಗೆ ‘ಇಲ್ಲಿ ಬೆಂಕಿ ಮುಂದೆ ಇದ್ದೀನಿ’ ಅಂತ ಬರೀತಿದ್ದೆನಲ್ಲ, ಅದು ಒಲೆ ಬೆಂಕಿ.

ಸುಳ್ಳನ್ನ ನಾನು ಹೇಳಿದ್ದಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಮೊದಲನೇ ರಜೇಲಿ ಬಸ್ಸಿಳಿದಾಗ ಪಕ್ಕದ ಗದ್ದೆ ದ್ಯಾವಯ್ಯ ತಡೆದು, ಬಾರ್ಡರ್‌ನಾಗೆ ದಿನಕ್ಕೆ ಎಷ್ಟು ಸುಡ್ತೀಯಲಾ ಅಂದ. ನನ್ನ ತಲೇಲಿ ಇದ್ದಿದ್ದು ಬರೀ ಚಪಾತಿ. ನಾನೂರು ಕಣ್ಲಾ, ಹಬ್ಬದ ದಿವಸ ಐನೂರು ಅಂದೆ. ಅವನ ಬಾಯಲ್ಲಿದ್ದ ಬೀಡಿ ಕೆಳಕ್ಕೆ ಬಿತ್ತು! ನಾನು ಮನೆ ಸೇರೋ ಹೊತ್ತಿಗೆ ಊರೆಲ್ಲಾ ಜಗುಲೀಲಿ ಕೂತಿತ್ತು. ಲೇ, ಚಪಾತಿ ಕಣ್ರಲಾ ಅನ್ನೋಕೆ ಒಂದು ಗಳಿಗೆ ಸಾಕಿತ್ತು. ಅನ್ಲಿಲ್ಲ. ಎಲ್ಲಾರೂ ಎದ್ದು ಜಾಗ ಬಿಟ್ಟುಕೊಟ್ರು, ನನಗೂ ಕೂತ್ಕೊಳ್ಳೋಕೆ ಚೆನ್ನಾಗಿತ್ತು. ಈಗ ಸುಮಾರು ನಲವತ್ತು ವರ್ಷ ಆಯ್ತು.

ಇನ್ನೊಂದು ಯಾರಿಗೂ ಹೇಳಿಲ್ಲ. ಹಿಮದ ಬೆಟ್ಟದ ಬುಡದಲ್ಲಿದ್ದಾಗ ಒಂದು ಬೆಳಿಗ್ಗೆ ನಾನೂರು ಸುಟ್ಟು ಬಟ್ಟೇಲಿ ಕಟ್ಟಿಟ್ಟೆ. ಮೇಲಿಂದ ಜನ ಇಳಿದು ಬಂದು ಉಂಡ್ರು. ಅರವತ್ತು ಮಿಕ್ಕಿದವು. ಯಾಕೆ ಮಿಕ್ಕಿದವು ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆವತ್ತಿಂದ ಮನೇಲಿ ಚಪಾತಿ ಮಿಕ್ಕಿದ್ರೆ ನಾನು ರೇಗ್ತೀನಿ, ನಿನಗೆ ಗೊತ್ತು.

ಅದಕ್ಕೇ ನನ್ನ ವಿಷಯ ಇದು: ದಂಡಿಗೆ ಉಣ್ಣೋಕಿಕ್ಕಿದೋರು. ಟಿಪ್ಪು ದಂಡಿನ ಒಲೆ, ಫ್ರೆಂಚರ ಒಲೆ, ನೀರು ಹೊತ್ತೋರು, ದಿನಸಿ ಹೊತ್ತ ಎತ್ತು, ಹೇಸರಗತ್ತೆ. ಒಂದೊಂದನ್ನೂ ಕೇಳಿ ಓದಿ ಹುಡುಕ್ಬೇಕು, ಅದಕ್ಕೆ ಇನ್ನೊಂದು ಅರವತ್ತು ವರ್ಷ ಬೇಕಾಗಬಹುದು. ನಿನ್ನ ಐದು ಸಿಪಾಯಿಗಳೂ ಇರ್ಲಿ. ಅವರನ್ನ ಸಾಲಾಗಿ ಊಟಕ್ಕೆ ಕೂರಿಸ್ತೀನಿ.

ನಿನ್ನ ಜೊತೆಯವರ ಮುಂದೆ ನಿನಗೆ ನಾಚಿಕೆ ಆಗೋದಾದ್ರೆ ಅಪ್ಪನಿಗೆ ಶೀತ, ಬರ್ಲಿಲ್ಲ ಅಂದ್ಬುಡು. ನನಗೆ ಬೇಜಾರಿಲ್ಲ ಅಂತ ಬರೀಬೇಕು ಅಂತಿದ್ದೆ. ಬೇಜಾರಾಗುತ್ತೆ. ನಿನ್ನ ಕಣ್ಣಲ್ಲಿ ಸಣ್ಣೋನಾಗ್ತೀನಿ ಅಂತ ಹೆದರಿಕೆ ಆಗ್ತಾ ಇದೆ.

ನಿಮ್ಮಪ್ಪ,
ಮುದ್ದಯ್ಯ
ನಿವೃತ್ತ ಹವಾಲ್ದಾರ್, ಅಡುಗೆ

ತಾ.ಕ.: ಕವರಿಗೆ ಗೋಂದು ಹಚ್ಚೋ ಮೊದ್ಲು ಕಾಗದಾನ ನಿಮ್ಮವ್ವನಿಗೆ ಓದಿ ಹೇಳ್ದೆ. ಪುಟ್ಟತಾಯಿ ಎದ್ದು ಒಳಗೆ ಹೋಗಿ, ಟ್ರಂಕಿನಿಂದ ನಿನ್ನ ನಾಲ್ಕನೇ ಕ್ಲಾಸಿನ ನೋಟ್‌ಬುಕ್ ತಂದ್ಲು. ಮುದ್ದೆ ತಿನ್ನೋ ಊರಿನ ಗಂಡಸು ಅಷ್ಟು ಗುಂಡಗೆ ಚಪಾತಿ ಲಟ್ಟಿಸಿದ ದಿನಾನೇ ನಂಗೆ ತಿಳೀತು, ಮಗೀಗೂ ಹೇಳಿದ್ದೆ, ಅಪ್ಪನೇ ಹೇಳೋಗಂಟ ಸುಮ್ಕಿರು ಅಂದಿದ್ದೆ ಅಂದ್ಲು. ‘ನನ್ನ ತಂದೆ’ ಅಂತ ನೀನು ಬರೆದಿದ್ದನ್ನ ಈಗ ತಾನೇ ಓದ್ದೆ: ‘ನಮ್ಮಪ್ಪ ದಿನಕ್ಕೆ ನಾನೂರು ಚಾಪತಿ ಸುಡುತ್ತಾರೆ. ಅವರು ಸುಡದಿದ್ದರೆ ಸೈನಿಕರಿಗೆ ಹಸಿವಾಗುತ್ತದೆ.’ ನೀನು ಮೂರು ಸಲ ಯಾಕೆ ಕೇಳ್ದೆ ಅಂತ ಈಗ ಗೊತ್ತಾಯ್ತು ಕಣವ್ವ. ಚೀಟೀಲಿ ಇದನ್ನೇ ಬರಿ. ಚಾಪತಿ ಅಂತ ತಪ್ಪು ಬರ್ದಿದ್ದೀಯ, ತಿದ್ದಬೇಡ.