ಮೇಜಿಗೆ ಕುಡಿಸಿದ ಕಾಫಿ

ಪೆನ್ಸಕೋಲ, ಮಂಗಳವಾರ

ಅಪ್ಪಾ,

ತಿರುಗುವ ಕೋಣೆಯಿಂದ ನಿನ್ನೆ ಹೊರಗೆ ಬಿಟ್ಟರು. ಗಗನನೌಕೆಯನ್ನು ಸುತ್ತಿಸಿದರೆ ಒಳಗಿನವರು ತೇಲದೆ ಅವರ ಕಾಲು ನೆಲದ ಮೇಲೆ ನಿಲ್ಲುತ್ತದೆ ಅಂತ ನಕ್ಷೆ ಬರೆದವರಲ್ಲಿ ನಾನೂ ಒಬ್ಬ. ಆ ಸುತ್ತನ್ನು ಮನುಷ್ಯ ತಡೆದುಕೊಂಡಾನೇ ಅಂತ ನೋಡಲು ನಾನೇ ಎರಡು ವಾರ ಆ ಕೋಣೆಯಲ್ಲಿದ್ದೆ. ಮೊದಮೊದಲು ಬರೀ ವಾಂತಿ, ಆಮೇಲೆ ಒಗ್ಗಿತು. ಅಲ್ಲಿ ಕಾಫಿ ಬಗ್ಗಿಸಿದರೆ ಧಾರೆ ಗೋಡೆಯತ್ತ ವಾಲುತ್ತದೆ. ಅದಕ್ಕೆ ತಕ್ಕಂತೆ ಹಿಡಿಯುವುದನ್ನು ಕೈ ತಾನೇ ಕಲಿತುಬಿಟ್ಟಿತು.

ಹೊರಗೆ ಬಂದವನು ಜಂಬದಿಂದ ಎಲ್ಲರಿಗೂ ಕಾಫಿ ಬಗ್ಗಿಸಲು ಹೋದೆ. ಕೈ ಇನ್ನೂ ಒಳಗಿನ ಅಭ್ಯಾಸದಲ್ಲೇ ಇತ್ತು, ಒಂದು ಹನಿಯೂ ಲೋಟಕ್ಕೆ ಬೀಳಲಿಲ್ಲ, ಎಲ್ಲ ಮೇಜಿಗೆ! ಅಡುಗೆಯ ಡೆಲ್ಮರ್, "ಲೋ ಹಾರ್ಲನ್, ಮೇಜಿಗೆ ಸಕ್ಕರೆ ಬೇಕಾ ಅಂತ ಕೇಳಿದ್ಯೇನೋ?" ಅಂದ.

ಹೊಟ್ಟೆ ಈಗ ಸರಿಯಿದೆ, ಚೆನ್ನಾಗಿ ತಿನ್ನುತ್ತಿದ್ದೇನೆ. ಕೈಯೂ ಬೇಗ ಸರಿಹೋಗುತ್ತದಂತೆ. ಶನಿವಾರ ಬರುತ್ತೇನೆ, ಅಷ್ಟರೊಳಗೆ ಸರಿಹೋಗದೆ ಇದ್ದರೆ ಸಾಕು. ಸಿಗಡಿ ದೋಣಿಯವರಿಗೆಲ್ಲ ದಿನಾ ಕಾಫಿ ಬಗ್ಗಿಸುತ್ತಿದ್ದವನು ನೀನು. ಕೈ ನಡುಗುತ್ತದೆ ಅಂತ ಈಗ ಕೆಟಲನ್ನೇ ಮುಟ್ಟುತ್ತಿಲ್ಲವಂತೆ, ಅಮ್ಮ ಬರೆದಿದ್ದಳು. ಶನಿವಾರ ನನಗೆ ನೀನು ಬಗ್ಗಿಸು, ನಿನಗೆ ನಾನು. ಇಬ್ಬರೂ ಚೆಲ್ಲೋಣ, ಅಮ್ಮ ಬೈದುಕೊಂಡು ಒರೆಸಲಿ.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಹಾರ್ಲನ್