ಹಜಾರದ ಮೀಟರು

ಆಗಸ್ಟ್ 11, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಪತ್ರಗಳೂ ಮೇಜಿನ ಮೇಲೆ ನನ್ನನ್ನೇ ನೋಡುತ್ತಿವೆ. ಊರಿಗೆಲ್ಲ ಕಾಗದ ಬರೆಯುವವನು ಒಡಹುಟ್ಟಿದವಳಿಗೆ ಬರೆಯಲು ತಿಂಗಳು ಮಾಡಿದೆ. ಪೂರ್ತಿ ಓದಿದ ಮೇಲೆ ಬೈಯಿ. ಭಾವನ ಮಂಡಿನೋವು ಹೇಗಿದೆ?

ನಮ್ಮಲ್ಲಿ ಮಳೆ ಬಿಟ್ಟಿಲ್ಲ. ಮಗ, ಸೊಸೆ, ಮೊಮ್ಮಗಳು ಎಂಟು ದಿನದಿಂದ ಸೊಸೆಯ ಅಕ್ಕನ ಮನೆಯಲ್ಲಿದ್ದಾರೆ. ಮಗುವಿನ ಕೆಮ್ಮು ಜಾಸ್ತಿಯಾಯಿತು. "ಕೋಣೆಯಲ್ಲಿ ಬೂಷ್ಟಿನ ವಾಸನೆ ಮಾವ, ಇನ್ನು ಇಲ್ಲಿ ಮಲಗಿಸಲ್ಲ" ಎಂದು ಸೊಸೆ ಹೊರಟೇಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷದ ಹಿಂದೆ ಕೆಳಗಿನ ಮನೆಗಳ ಗೋಡೆ ಕಪ್ಪಾದಾಗ, ಈ ಕಟ್ಟಡ ಕಟ್ಟಿದವನ ಮೇಲೆ ಪತ್ರಿಕೆಗೆ ಹನ್ನೊಂದು ಪತ್ರ ಬರೆದವನು ನಾನು. ಪುಸ್ತಕ ತರಿಸಿ ಓದಿದವನು. ಗಾಳಿಯ ತೇವ ನೂರಕ್ಕೆ ಅರವತ್ತು ದಾಟದಿದ್ದರೆ ಬೂಷ್ಟು ಬಾರದು ಎಂದು ತಿಳಿದು, ಹಜಾರದಲ್ಲಿ ತೇವದ ಮೀಟರು ತೂಗುಹಾಕಿ ಆರು ವರ್ಷದಿಂದ ದಿನಕ್ಕೆರಡು ಸಲ ಬರೆದಿಡುತ್ತಿದ್ದೇನೆ. ಹೊರಗಿನ ಥಂಡಿ ಒಳಬಾರದೆಂದು ಕೋಣೆಗಳ ಗವಾಕ್ಷಿಗೆ ಟೇಪು ಹಚ್ಚಿದವನೂ ನಾನೇ. ಮೀಟರು ಐವತ್ತೆಂಟು ಅನ್ನುತ್ತಿತ್ತು. ವಾಸನೆ ಅನ್ನುವುದು ಸೊಸೆಯ ಮೂಗಿನ ದೋಷ ಎಂದುಕೊಂಡೆ.

ಅದನ್ನು ಸಾಬೀತು ಮಾಡಲೆಂದೇ ಮೊನ್ನೆ ತೇವ ಪರೀಕ್ಷಿಸುವವನನ್ನು ಕರೆಸಿದೆ. ಗುಂಡಗಿನ ಆಸಾಮಿ, ಬಾಯಿ ಬಲು ಜೋರು. ನನ್ನ ಆರು ನೋಟುಪುಸ್ತಕ ಮುಂದಿಟ್ಟೆ. ತಿರುವಿ ನೋಡಿ, "ಅಕ್ಷರ ಮುತ್ತಿನ ಹಾಗಿದೆ ಯಜಮಾನ್ರೇ. ಈಗ ಮಗು ಮಲಗೋ ಕೋಣೆ ಬೀರು ಸರಿಸೋಣ್ವಾ?" ಅಂದ.

ಸರಿಸಿದೆವು. ಅಕ್ಕ, ನೆಲದಿಂದ ನನ್ನ ಎದೆಯೆತ್ತರದವರೆಗೆ ಗೋಡೆ ಕಪ್ಪಗೆ, ಕೂದಲು ಬಂದ ಹಾಗೆ. ಮಗುವಿನ ದಿಂಬಿಗೂ ಅದಕ್ಕೂ ಒಂದು ಮೊಳ ದೂರವಿಲ್ಲ. ಅವನ ಮೀಟರು ಅಲ್ಲಿ ಎಂಬತ್ತೆಂಟು ತೋರಿಸಿತು.

"ಹಜಾರದಲ್ಲಿ ಐವತ್ತೆಂಟೇ ಇದೆಯಲ್ಲಪ್ಪಾ!" ಎಂದೆ.

"ಅಲ್ಲಿ ದೊಡ್ಡ ಕಿಟಕಿ, ಆಡೋ ಗಾಳಿ, ನಿಮ್ಮ ಕುರ್ಚಿ. ಇಲ್ಲಿ ಮೂರು ಜನರ ಉಸಿರು, ಬಚ್ಚಲಿನ ಹಬೆ, ತಣ್ಣನೆ ಗೋಡೆ. ತೇವ ಹೋಗೋ ದಾರೀನೂ ನೀವೇ ಮುಚ್ಚಿದೀರಿ. ಜ್ವರ ಮಗೂಗೆ, ಥರ್ಮಾಮೀಟರು ತಾತನ ಬಾಯಲ್ಲಿ!"

ಅವನು ನಕ್ಕ. ನಾನು ಬೀರುವಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ.

ಟೇಪು ಕಿತ್ತಿದ್ದೇನೆ. ಬಚ್ಚಲಿಗೆ ಹಬೆ ಎಳೆಯುವ ಫ್ಯಾನು ಬಂತು. ಗೋಡೆ ಕೆರೆದು ತೊಳೆಯುವವರು ನಾಳೆ ಬರುತ್ತಾರೆ; ಬೀರು ಇನ್ನು ಗೋಡೆಯಿಂದ ಒಂದು ಗೇಣು ಈಚೆ. ಮಗ ಫೋನಿನಲ್ಲಿ, "ಅಪ್ಪಾ, ಇಲ್ಲಿ ಮೂರನೇ ದಿನಕ್ಕೇ ಕೆಮ್ಮು ತಗ್ಗಿತು..." ಎಂದು ಅರ್ಧಕ್ಕೆ ನಿಲ್ಲಿಸಿದ. ಯಾವಾಗ ಬರುತ್ತೀರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನನ್ನ ಮೊಮ್ಮಗಳ ಎದೆ ಹಗುರಾಗಲೆಂದು ದೊಡ್ಡವಳಾದ ನೀನು ಹರಸು.

ನಿನ್ನ ತಮ್ಮ

ಮತ್ತೆ: ಒಂದು ಮಾತು ಬೇಕೆಂದೇ ಬಿಟ್ಟಿದ್ದೆ. ಸೊಸೆ ಹಾಗೆ ದಿಢೀರನೆ ಹೊರಟವಳಲ್ಲ. ಹೋದ ಚಳಿಗಾಲದಿಂದ ಮೂರು ಸಲ ಕೇಳಿದ್ದಳು: "ಒಂದೇ ಒಂದು ದಿನ ಆ ಮೀಟರ್ನ ನಮ್ಮ ಕೋಣೇಲಿಡಿ ಮಾವ." ಜಾಗ ಬದಲಿಸಿದರೆ ದಾಖಲೆ ಕೆಡುತ್ತದಮ್ಮಾ ಎಂದಿದ್ದೆ. ದಾಖಲೆ ಕೆಟ್ಟಿಲ್ಲ ಅಕ್ಕ. ಒಂದು ದಿನವೂ ತಪ್ಪಿಲ್ಲ.